ಕುಂದಗೋಳದ ಪುಣ್ಯತಿಥಿ, ಪುಣೆಯ ಹಬ್ಬ

ಪುಣೆಯಲ್ಲಿ ಡಿಸೆಂಬರ್ ತಿಂಗಳ ಎರಡನೇ ವಾರ ಹತ್ತಿರ ಬಂದಂತೆ ಆಫೀಸಿನ ಕ್ಯಾಂಟೀನಿನಲ್ಲಿ, ಸೊಸೈಟಿಯ ಲಿಫ್ಟಿನಲ್ಲಿ, ಚಹಾದಂಗಡಿಯ ಮುಂದೆ ಒಂದೇ ಪ್ರಶ್ನೆ ಕೇಳಿಬರುತ್ತದೆ. "ಈ ಸಲ ಸವಾಯಿಗೆ ಹೋಗ್ತೀರಾ?" ಉತ್ಸವದ ಪೂರ್ತಿ ಹೆಸರು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಅಷ್ಟುದ್ದ ಯಾರೂ ಹೇಳುವುದಿಲ್ಲ. ಸವಾಯಿ ಅಂದರೆ ಸಾಕು. ಐದು ದಿನದ ಸಂಗೀತ, ಚಳಿಗೆ ಹೊದೆಯುವ ಶಾಲು, ನಡುನಡುವೆ ತಿನ್ನುವ ಬಟಾಟೆ ವಡೆ, ಸೋಮವಾರ ಕಣ್ಣುಜ್ಜಿಕೊಂಡು ಹೋಗುವ ಆಫೀಸು, ಎಲ್ಲವೂ ಆ ಒಂದು ಮಾತಿನಲ್ಲಿ ಬಂದುಬಿಡುತ್ತದೆ.

ಹುಬ್ಬಳ್ಳಿಯಿಂದ ಬಂದು ಹಿಂಜವಡಿಯ ಐಟಿ ಕಂಪನಿಗಳಲ್ಲಿ ವರ್ಷಗಟ್ಟಲೆ ಕಳೆದ ನನಗೆ ಈ ಮಾತು ಪ್ರತಿ ಸಲ ಒಂದು ಸಣ್ಣ ತಮಾಷೆಯಂತೆ ಕೇಳುತ್ತದೆ. ನಮ್ಮ ಕಡೆ ಸವಾಯಿ ಎಂದರೆ ಒಂದೂಕಾಲು. ಸವ್ವಾ ಸೇರು, ಸವ್ವಾ ರೂಪಾಯಿ ಎಂದು ನಮ್ಮಜ್ಜಿ ಲೆಕ್ಕ ಹೇಳುತ್ತಿದ್ದಳು. ಸವಾಯಿ ಗಂಧರ್ವ ಎಂದರೆ ಗಂಧರ್ವನಿಗಿಂತ ಒಂದು ಕಾಲು ಹೆಚ್ಚು. ಆ ಬಿರುದು ಹೊತ್ತ ಮನುಷ್ಯ ಹುಬ್ಬಳ್ಳಿಯಿಂದ ರೈಲಿನಲ್ಲಿ ಅರ್ಧ ತಾಸಿನ ದಾರಿಯ ಕುಂದಗೋಳದವರು. ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಐದಾರು ವರ್ಷದಿಂದ ತಪ್ಪದೆ ಉತ್ಸವಕ್ಕೆ ಹೋಗುವವನು. ಒಮ್ಮೆ ಮಾತಿನ ನಡುವೆ ಕುಂದಗೋಳದ ಹೆಸರು ಬಂದಾಗ, "ಅದು ಕೊಲ್ಹಾಪುರದ ಯಾವ ತಾಲೂಕು?" ಎಂದು ಕೇಳಿದ. ನನಗೆ ಸಿಟ್ಟು ಬರಲಿಲ್ಲ. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಕುಂದಗೋಳದ ಒಬ್ಬ ಗಾಯಕರ ಪುಣ್ಯತಿಥಿ ಪುಣೆಯಂಥ ಊರಿನ ಹಬ್ಬ ಆದದ್ದು ಹೇಗೆ? ಆ ಹಬ್ಬದಲ್ಲಿ ಕೂತ ನಾವು ಕನ್ನಡದವರು "ಇದು ನಮ್ಮದು" ಎಂದರೆ ಆ ಮಾತಿಗೆ ಏನು ಅರ್ಥ?

ಉತ್ತರಕ್ಕೆ ಮೊದಲು ನಕ್ಷೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು. ರಾಮಚಂದ್ರ ಗಣೇಶ ಸೌಂಶಿ, ಅಂದರೆ ಮುಂದೆ ಸವಾಯಿ ಗಂಧರ್ವರಾದ ರಾಮಭಾವು ಕುಂದಗೋಳಕರ್, ಹುಟ್ಟಿದ್ದು 1886ರ ಜನವರಿಯಲ್ಲಿ. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಜಮಖಂಡಿಯನ್ನು ಆಳುತ್ತಿದ್ದವರು ಪಟವರ್ಧನ ಮನೆತನದವರು. ಸಾಂಗ್ಲಿ, ಮೀರಜ್, ಕುರುಂದವಾಡಗಳೂ ಅದೇ ಮನೆತನದ ಬೇರೆ ಬೇರೆ ಶಾಖೆಗಳ ಸಂಸ್ಥಾನಗಳು. ಸುತ್ತಲಿನ ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ದರ್ಗಾದ ಉರುಸಿನಲ್ಲಿ ಉರ್ದು. ಜನ ಒಂದೇ ದಿನದಲ್ಲಿ ಮೂರೂ ಭಾಷೆಯೊಳಗೆ ಓಡಾಡುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಪುಣೆ, ಮೀರಜ್, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ರೈಲು ಒಂದೇ ದಾರದಲ್ಲಿ ಪೋಣಿಸಿತ್ತು. ಮೈಸೂರು ಅರಮನೆಯ ಕರೆಗೆ ಹೊರಟ ಉತ್ತರದ ಉಸ್ತಾದರು ಈ ಊರುಗಳಲ್ಲಿ ಇಳಿದು, ಹಾಡಿ, ಶಿಷ್ಯರನ್ನು ಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಧಾರವಾಡದ ನೆಲಕ್ಕೆ ಹಿಂದೂಸ್ತಾನಿ ಸಂಗೀತ ಹೇಗೆ ಅಂಟಿಕೊಂಡಿತು ಎಂದು ಕೇಳುವವರಿಗೆ ಅರ್ಧ ಉತ್ತರ ಈ ದಾರಿಯಲ್ಲೇ ಇದೆ.

ಉಳಿದರ್ಧ ಉತ್ತರ ನಾಟಕದಲ್ಲಿದೆ. 1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಡಿತು. ಅದನ್ನು ನೋಡಿದ ಸಾಂಗ್ಲಿಯ ದೊರೆ ಇಂಥದ್ದು ಮರಾಠಿಯಲ್ಲೂ ಆಗಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷ, 1843ರಲ್ಲಿ, ಭಾವೆಯವರು 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಲೆಕ್ಕ ಹಾಕುವುದು ಅಲ್ಲಿಂದ. ಅದೇ 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು ಅಣ್ಣಾಸಾಹೇಬ ಕಿರ್ಲೋಸ್ಕರ್. 1880ರಲ್ಲಿ ಅವರು ಪುಣೆಯಲ್ಲಿ 'ಶಾಕುಂತಲ' ಆಡಿದಾಗ ಮರಾಠಿ ಸಂಗೀತ ನಾಟಕದ ದೊಡ್ಡ ಕಾಲ ಶುರುವಾಯಿತು. ಅವರ ಹಾಡುಗಳಿಗೆ ನಮ್ಮ ಕಡೆಯ ಧಾಟಿಗಳೂ ಬಂದು ಸೇರಿದವು. ಕನ್ನಡದ ಬಯಲಾಟ ಸಾಂಗ್ಲಿಗೆ ಹೋಯಿತು, ಮರಾಠಿ ನಾಟಕವಾಗಿ ಪುಣೆಗೆ ಹೋಯಿತು, ಅಲ್ಲಿಂದ ಕಂಪನಿಯ ಪೆಟ್ಟಿಗೆ ಹೊತ್ತು ಮತ್ತೆ ಹುಬ್ಬಳ್ಳಿ, ಗದಗಕ್ಕೆ ಬಂತು. ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ಗೆರೆ ಎಳೆಯಲು ಬರುವುದಿಲ್ಲ.

ಈ ಎರಡು ದಾರಿಗಳೂ ರಾಮಭಾವು ಅವರ ಬದುಕಿನಲ್ಲಿ ಕೂಡಿದವು. ಗುರುವಾಗಿ ಸಿಕ್ಕವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನವರು. ಕಿರಾಣಾ ಘರಾಣೆಗೆ ಆ ಹೆಸರು ಬಂದದ್ದು ಅಲ್ಲಿಂದ. ಮೀರಜಿನಲ್ಲಿ ಮನೆ ಮಾಡಿ, ಮೈಸೂರಿನಲ್ಲಿ ಹಾಡಿ, ಕರ್ನಾಟಕ ಸಂಗೀತವನ್ನೂ ಕಿವಿಗೊಟ್ಟು ಕೇಳಿ ಅದರ ಸರಿಗಮವನ್ನು ತಮ್ಮ ಗಾಯನಕ್ಕೆ ತಂದುಕೊಂಡವರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಕಟ್ಟಿದರು. ಶಿಷ್ಯ ಮಾತ್ರ ನಾಟಕ ಕಂಪನಿ ಸೇರಿದ. ಗುರುಗಳಿಗೆ ಅದು ಹಿಡಿಸಿರಲಿಲ್ಲ ಎಂದು ಹೇಳುತ್ತಾರೆ. ಆದರೆ ರಂಗದ ಮೇಲೆ ಸ್ತ್ರೀಪಾತ್ರ ಹಾಕಿ ಹಾಡಿದ ರಾಮಭಾವು ಅವರನ್ನು ಮರಾಠಿ ಜನ ತಲೆಯ ಮೇಲೆ ಹೊತ್ತರು. ಆಗ ಬಾಲಗಂಧರ್ವರು ಉತ್ತುಂಗದಲ್ಲಿದ್ದ ಕಾಲ. ಅವರ ಹೆಸರಿನ ಪಕ್ಕದಲ್ಲೇ ಇನ್ನೊಂದು ಹೆಸರು ಬಂತು, ಸವಾಯಿ ಗಂಧರ್ವ. ಕನ್ನಡ ಮಾತೃಭಾಷೆಯ ನಟನಿಗೆ ಮರಾಠಿ ಪ್ರೇಕ್ಷಕರ ನಡುವೆ ಬಂದ ಬಿರುದು ಅದು.

ನಾಟಕದ ದಿನಗಳು ಮುಗಿದ ಮೇಲೆ ಅವರು ಕುಂದಗೋಳಕ್ಕೆ ಮರಳಿದರು. ಆ ಊರಿನ ನಾಡಿಗೇರ ವಾಡೆ ಸಂಗೀತದ ಮನೆಯಾಯಿತು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ಸಂಜೆಯ ರೈಲು ಹಿಡಿದು ಪಾಠಕ್ಕೆ ಬರುತ್ತಿದ್ದರು, ಪಾಠ ಮುಗಿಸಿ ರೈಲಿನಲ್ಲೇ ವಾಪಸು ಹೋಗುತ್ತಿದ್ದರು. ಪಾಠಕ್ಕೆಂದು ರೈಲು ಹತ್ತಿದ ಹೆಣ್ಣುಮಗಳನ್ನು ಆ ಕಾಲ ಹೇಗೆ ನೋಡುತ್ತಿತ್ತು ಎಂಬುದನ್ನು ಊಹಿಸಬಹುದು. ಬಸವರಾಜ ರಾಜಗುರು ಅವರಿಗೂ ಸವಾಯಿ ಗಂಧರ್ವರ ಪಾಠವಾಯಿತು. ಮುಂಬಯಿಯ ಪಾರ್ಸಿ ಮನೆತನದ ಫಿರೋಜ್ ದಸ್ತೂರ್, ಬಾಲ್ಯದಲ್ಲಿ ವಾಡಿಯಾ ಮೂವಿಟೋನ್ ಸಿನಿಮಾಗಳಲ್ಲಿ ನಟಿಸಿ ಹೆಸರು ಮಾಡಿದವರು, ಅವರೂ ಶಿಷ್ಯರಾದರು.

ಇನ್ನೊಬ್ಬ ಶಿಷ್ಯ ಕುಂದಗೋಳ ತಲುಪಿದ್ದು ಬಲು ಸುತ್ತಿನ ದಾರಿಯಲ್ಲಿ. ಗದಗದ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ಗ್ರಾಮಾಫೋನ್ ತಟ್ಟೆ ಕೇಳಿ ಹುಚ್ಚು ಹಿಡಿದವನಂತಾದ. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಮನೆ ಬಿಟ್ಟು ಓಡಿದ. ಕೈಯಲ್ಲಿ ಕಾಸಿಲ್ಲ. ರೈಲಿನಲ್ಲಿ ಜನರಿಗೆ ಹಾಡಿ ತೋರಿಸಿ ಗ್ವಾಲಿಯರ್, ಕಲ್ಕತ್ತ, ಜಲಂಧರ್ ಎಂದು ಅಲೆದ. ಜಲಂಧರಿನಲ್ಲಿ 1875ರಿಂದ ಹರಿವಲ್ಲಭ ಸಂಗೀತ ಸಮ್ಮೇಳನ ನಡೆಯುತ್ತಿದೆ. ಅದೂ ಡಿಸೆಂಬರಿನ ಚಳಿಯಲ್ಲಿ ಒಬ್ಬ ಸಂತನ ನೆನಪಿಗೆ ನಡೆಯುವ ಸಂಗೀತ ಸಭೆ. ಅಲ್ಲಿಗೆ ಹಾಡಲು ಬಂದಿದ್ದ ಪುಣೆಯ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ಕಂಡು, ನಿಮ್ಮ ಊರ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಲ್ಲಿ ಏನು ಮಾಡುತ್ತೀ ಎಂದು ಕೇಳಿದರಂತೆ. ಹುಡುಗ ಊರಿಗೆ ಮರಳಿದ. 1936ರ ಹೊತ್ತಿಗೆ ಕುಂದಗೋಳದಲ್ಲಿ ಗುರುವಿನ ಮನೆಯ ನೀರು ಹೊರುತ್ತ ಪಾಠ ಹೇಳಿಸಿಕೊಳ್ಳತೊಡಗಿದ.

ಈ ಪ್ರಸಂಗ ನನಗೆ ತುಂಬ ಮುಖ್ಯ ಅನಿಸುತ್ತದೆ. ಮನೆಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಯಾರದೋ ಪುಣ್ಯತಿಥಿಯ ಸಂಗೀತ ಸಭೆಯಲ್ಲಿ, ಒಬ್ಬ ಹುಡುಗನಿಗೆ ತನ್ನ ಊರ ಪಕ್ಕದ ಗುರುವಿನ ವಿಳಾಸ ಸಿಕ್ಕಿತು. ಮುಂದೆ ಅವನೇ ಇನ್ನೊಂದು ಪರ ಊರಿನಲ್ಲಿ ಅಂಥದೇ ಒಂದು ಸಭೆ ಕಟ್ಟಿದ. ಜಲಂಧರದ ನೆನಪು ಅವರ ಮನಸ್ಸಿನಲ್ಲಿ ಕೆಲಸ ಮಾಡಿರಬೇಕು ಎಂಬುದು ನನ್ನ ಊಹೆ. ಇನ್ನೊಂದು ಮಾದರಿ ಹತ್ತಿರದಲ್ಲೇ ಇತ್ತು. ಅಬ್ದುಲ್ ಕರೀಂ ಖಾನರು 1937ರಲ್ಲಿ ಮದರಾಸಿನ ಕಡೆಯ ಒಂದು ರೈಲು ನಿಲ್ದಾಣದಲ್ಲಿ ಪ್ರಾಣ ಬಿಟ್ಟರು. ಅವರ ಸಮಾಧಿ ಇರುವುದು ಮೀರಜಿನ ಖ್ವಾಜಾ ಶಮನಾ ಮೀರಾ ದರ್ಗಾದ ಆವರಣದಲ್ಲಿ. ಅಲ್ಲಿಯ ಉರುಸಿನಲ್ಲಿ ಇವತ್ತಿಗೂ ಅವರ ನೆನಪಿಗೆ ಕಲಾವಿದರು ಹಾಡುತ್ತಾರೆ. ಕಿರಾಣಾ ಮನೆತನದವರಿಗೆ ಗುರುವನ್ನು ನೆನೆಯುವುದೆಂದರೆ ಪಟಕ್ಕೆ ಹಾರ ಹಾಕಿ ಭಾಷಣ ಮಾಡುವುದಲ್ಲ, ಕೂತು ಹಾಡುವುದು.

ಸವಾಯಿ ಗಂಧರ್ವರು 1940ರ ದಶಕದಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಮೊದಲ ಪುಣ್ಯತಿಥಿಯ ಉತ್ಸವ ನಡೆಯಿತು. ಆರ್ಯ ಸಂಗೀತ ಪ್ರಸಾರಕ ಮಂಡಳದ ಹೆಸರಿನಲ್ಲಿ ಭೀಮಸೇನ ಜೋಶಿಯವರು ಮುಂದೆ ನಿಂತರು. ಜೊತೆಗೆ ಗಂಗೂಬಾಯಿ, ಫಿರೋಜ್ ದಸ್ತೂರ್. ಗುರುಗಳ ಅಳಿಯ, ಪುಣೆಯ ವೈದ್ಯ ನಾನಾಸಾಹೇಬ ದೇಶಪಾಂಡೆಯವರು ಬೆನ್ನಿಗೆ ನಿಂತರು. ಭೀಮಸೇನರಿಗೆ ಆಗ 31 ವರ್ಷ. ಇವತ್ತು ನಮ್ಮಲ್ಲಿ ಪುಣೆಗೆ ಕೆಲಸಕ್ಕೆ ಬಂದು ಬಾಡಿಗೆ ಮನೆ ಹುಡುಕುವವರ ವಯಸ್ಸು.

ಆ ವರ್ಷಗಳನ್ನು ಸ್ವಲ್ಪ ನೆನೆಯಬೇಕು. ಸಂಸ್ಥಾನಗಳು 1948ರ ಹೊತ್ತಿಗೆ ವಿಲೀನವಾಗಿ, ಗಾಯಕರಿಗೆ ಅನ್ನ ಕೊಡುತ್ತಿದ್ದ ದರ್ಬಾರುಗಳು ಮುಚ್ಚಿದ್ದವು. ಸಂಗೀತ ನಾಟಕದ ಕಂಪನಿಗಳನ್ನು ಸಿನಿಮಾ ನುಂಗಿತ್ತು. 1952ರಲ್ಲಿ ಆಕಾಶವಾಣಿ ತನ್ನ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆರಂಭಿಸಿತು. ಅದೇ ವರ್ಷದ ಕೊನೆಗೆ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಶುರುವಾಯಿತು. ಜನ ಯಾವ ಕಡೆ ಕಿವಿ ತಿರುಗಿಸಿದರು ಎಂಬುದನ್ನು ಬೇರೆ ಹೇಳಬೇಕಿಲ್ಲ. ಅರಸರು ಹೋದ ಮೇಲೆ ಈ ಸಂಗೀತವನ್ನು ಸಾಕುವವರು ಯಾರು? ಪುಣೆ ಕೊಟ್ಟ ಉತ್ತರ: ಟಿಕೆಟು ಕೊಂಡು ನೆಲದ ಮೇಲೆ ಕೂರುವ ಕಾರಕೂನ, ಮಾಸ್ತರ, ಪೋಸ್ಟ್ ಆಫೀಸಿನ ಗುಮಾಸ್ತ. ಆ ಊರಿಗೆ ಅದರ ಅಭ್ಯಾಸ ಮೊದಲೇ ಇತ್ತು. ವಸಂತ ವ್ಯಾಖ್ಯಾನಮಾಲೆಗೆ ರಾನಡೆಯವರು 1875ರಲ್ಲೇ ನಾಂದಿ ಹಾಡಿದ್ದರು, 1893ರ ಆಸುಪಾಸಿನಿಂದ ಟಿಳಕರು ಗಣೇಶೋತ್ಸವವನ್ನು ಮನೆಯಿಂದ ಬೀದಿಗೆ ತಂದಿದ್ದರು. ಹತ್ತು ಜನ ಸೇರಿ ಕೂತು ಕೇಳುವುದನ್ನೇ ರಜೆಯ ಸುಖ ಎಂದುಕೊಂಡ ಊರು ಅದು. ಚೆನ್ನೈನಲ್ಲಿರುವ ನಮ್ಮವರಿಗೆ ಇದು ಬೇರೆ ರೂಪದಲ್ಲಿ ಗೊತ್ತು. ಅಲ್ಲಿಯ ಡಿಸೆಂಬರ್ ಸಂಗೀತದ ಬೇರು 1927ರ ಕಾಂಗ್ರೆಸ್ ಅಧಿವೇಶನದ ಜೊತೆ ನಡೆದ ಸಂಗೀತ ಸಮ್ಮೇಳನದಲ್ಲಿದೆ. ಅಲ್ಲಿ ಒಂದು ರಾಜಕೀಯ ಸಭೆಯ ಪಕ್ಕದಲ್ಲಿ ಹುಟ್ಟಿದ್ದು, ಇಲ್ಲಿ ಶಿಷ್ಯರ ದುಃಖದಿಂದ ಹುಟ್ಟಿತು.

ಇನ್ನೊಂದು ಸಂಗತಿ ಯೋಚಿಸಿದಷ್ಟೂ ನನ್ನನ್ನು ಹಿಡಿದು ನಿಲ್ಲಿಸುತ್ತದೆ. 1953ರಲ್ಲಿ ಕುಂದಗೋಳವೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಹುಬ್ಬಳ್ಳಿಯಿಂದ ಬಂದ ಗಂಗೂಬಾಯಿ ಪರರಾಜ್ಯಕ್ಕೆ ಬಂದವರಲ್ಲ. 1956ರ ನವೆಂಬರ್ 1ಕ್ಕೆ ರಾಜ್ಯಗಳು ಹೊಸದಾಗಿ ಗೆರೆ ಎಳೆದುಕೊಂಡಾಗ ಉತ್ಸವಕ್ಕೆ ಮೂರು ವರ್ಷ ವಯಸ್ಸು. ಗುರುವಿನ ಊರು ಮೈಸೂರು ರಾಜ್ಯಕ್ಕೆ ಹೋಯಿತು, ಉತ್ಸವದ ಊರು ಆ ಕಡೆಯೇ ಉಳಿಯಿತು. ಆಮೇಲಿನ ದಶಕಗಳಲ್ಲಿ ಗಡಿಯ ಜಗಳ ಎಷ್ಟೋ ಸಲ ಹೊಗೆಯಾಡಿತು, ಬಸ್ಸುಗಳು ನಿಂತವು, ಹೆಸರಿನ ಫಲಕಗಳಿಗೆ ಮಸಿ ಬಿತ್ತು. ಆ ದಶಕಗಳುದ್ದಕ್ಕೂ ಹುಬ್ಬಳ್ಳಿ, ಧಾರವಾಡದ ಕಲಾವಿದರು ಸವಾಯಿಯ ವೇದಿಕೆಗೆ ಬರುವುದು ನಿಲ್ಲಲಿಲ್ಲ.

ಆ ಕಾಲದ ಸವಾಯಿ ನಾನು ನೋಡಿದ್ದಲ್ಲ. ಬೈಠಕ್ಕಿನಲ್ಲಿ ಪಕ್ಕ ಕೂತ ಹಿರಿಯರು ಹೇಳಿದ್ದು. ಆಗ ಅದು ಮೂರು ರಾತ್ರಿಗಳ ಉತ್ಸವ. ಶನಿವಾರ ಪೇಠೆಯ ರಮಣಬಾಗ್ ಶಾಲೆಯ ಮೈದಾನ ಎಷ್ಟೋ ವರ್ಷ ಅದರ ಜಾಗ. ಜನ ಹಾಸಿಗೆ, ಚಾದರ, ಥರ್ಮಾಸಿನಲ್ಲಿ ಚಹಾ, ಡಬ್ಬಿಯಲ್ಲಿ ಪೋಳಿ ಪಲ್ಯ ಹೊತ್ತು ಬರುತ್ತಿದ್ದರು. ಮಕ್ಕಳು ಮಧ್ಯರಾತ್ರಿಗೆ ತೊಡೆಯ ಮೇಲೆ ಮಲಗುತ್ತಿದ್ದವು. ಟಿಕೆಟ್ಟಿಗೆ ದುಡ್ಡಿಲ್ಲದ ವಿದ್ಯಾರ್ಥಿಗಳು ಹೊರಗಿನ ರಸ್ತೆಯಲ್ಲಿ ಕೂತು ಕೇಳುತ್ತಿದ್ದರು. ಕೊನೆಯ ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ ಹಿರಿಯ ಶಿಷ್ಯರ ಸರದಿ: ಫಿರೋಜ್ ದಸ್ತೂರ್, ಗಂಗೂಬಾಯಿ, ಎಲ್ಲಕ್ಕೂ ಕೊನೆಗೆ ಭೀಮಸೇನ ಜೋಶಿ. ಉತ್ಸವ ಕಟ್ಟಿದವರೇ ಕೊನೆಗೆ ಹಾಡುವುದು, ಮನೆಯವರು ಕೊನೆಯ ಪಂಕ್ತಿಯಲ್ಲಿ ಉಣ್ಣುವಂತೆ. ಹಾಡಿದವರು ಭೀಮಸೇನರಾದ್ದರಿಂದ, ಆ ಕೊನೆಯ ಪಂಕ್ತಿಗಾಗಿ ಊರೆಲ್ಲ ಎದ್ದು ಕೂತಿರುತ್ತಿತ್ತು. ಉಳಿದ ದಿನಗಳಲ್ಲಿ ಅವರು ಕಲಾವಿದರನ್ನು ಬರಮಾಡಿಕೊಳ್ಳುವುದು, ಊಟ ಉಪಚಾರ, ತಂಬೂರಿಯ ಶ್ರುತಿ ಎಂದು ಮದುವೆ ಮನೆಯ ಯಜಮಾನರ ಹಾಗೆ ಓಡಾಡುತ್ತಿದ್ದರು ಎಂದು ಆ ಹಿರಿಯರು ಹೇಳುತ್ತಾರೆ.

ರಾತ್ರಿಯಿಡೀ ಹಾಡುವುದಕ್ಕೆ ಕಾರಣ ಹುಮ್ಮಸ್ಸು ಮಾತ್ರ ಅಲ್ಲ. ಹಿಂದೂಸ್ತಾನಿ ಸಂಗೀತದಲ್ಲಿ ರಾಗಕ್ಕೆ ಹೊತ್ತು ಇದೆ. ಮಧ್ಯರಾತ್ರಿಗೆ ದರ್ಬಾರಿ ಕಾನಡಾ, ಆಮೇಲೆ ಮಾಲಕಂಸ, ಬೆಳಕು ಮೂಡುವ ಮುನ್ನ ಲಲಿತ್, ಬೆಳಗಾದ ಮೇಲೆ ತೋಡಿ. ಹೀಗೆ ಒಂದು ರಾತ್ರಿಯೇ ಒಂದು ಪಾಠಪಟ್ಟಿ. 2000ನೇ ಇಸವಿಯಲ್ಲಿ ಶಬ್ದ ಮಾಲಿನ್ಯ ನಿಯಂತ್ರಣದ ನಿಯಮಗಳು ಬಂದು, ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂದಾಯಿತು. ವರ್ಷಕ್ಕೆ ಕೆಲವೇ ದಿನ, ಅದೂ ಮಧ್ಯರಾತ್ರಿಯವರೆಗೆ, ಸರ್ಕಾರ ಸಡಿಲಿಕೆ ಕೊಡಬಹುದು. ಸವಾಯಿಯ ರಾತ್ರಿ ಅಲ್ಲಿಗೆ ಮುಗಿಯಿತು. ಮೂರು ರಾತ್ರಿಗಳ ಉತ್ಸವ ಹೆಚ್ಚು ದಿನಗಳಿಗೆ ಹರಡಿಕೊಂಡು ಮಧ್ಯಾಹ್ನಕ್ಕೇ ಶುರುವಾಗತೊಡಗಿತು. 2018ರಿಂದ ಜಾಗವೂ ಬದಲಾಗಿ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಕ್ರೀಡಾಂಗಣಕ್ಕೆ ಬಂತು.

ಈ ನಿಯಮವನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಮೈದಾನದ ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇರುತ್ತದೆ, ನಿದ್ದೆ ಬಾರದ ರೋಗಿ ಇರುತ್ತಾರೆ. ಆದರೆ ಏನು ಹೋಯಿತು ಎಂಬುದನ್ನು ಸರಿಯಾಗಿ ತಿಳಿದಿರಬೇಕು. ಮಧ್ಯಾಹ್ನದ ಭೀಮಪಲಾಸಿ, ಮುಲ್ತಾನಿಗಳಿಗೆ ಒಳ್ಳೆಯ ಕಾಲ ಬಂತು. ನಡುರಾತ್ರಿಯಿಂದ ಬೆಳಗಿನವರೆಗಿನ ರಾಗಗಳು ಬಯಲಿನ ದೊಡ್ಡ ಸಭೆಯಿಂದ ಹೊರಗಾದವು. ನಮ್ಮ ನಾಡಿನ ಹೆಸರನ್ನೇ ಹೊತ್ತಿದೆ ಎನ್ನುವ ಕಾನಡಾ ಕೂಡ ತನ್ನ ಹೊತ್ತಿಗೆ ಸಿಗುವುದಿಲ್ಲ. ರಾಗದ ಹೊತ್ತನ್ನು ಪುಸ್ತಕದಲ್ಲಿ ಓದುವುದು ಬೇರೆ, ಲಲಿತ್ ಮುಗಿಯುವಾಗ ನಿಜವಾಗಿಯೂ ಬೆಳಕು ಹರಿದದ್ದನ್ನು ನೋಡುವುದು ಬೇರೆ. ಆ ಎರಡನೆಯದನ್ನು ಊರಿಗೆ ಊರೇ ಒಟ್ಟಿಗೆ ಕಂಡಿದ್ದ ಒಂದು ಪೀಳಿಗೆ ಈಗ ಎಪ್ಪತ್ತು ದಾಟಿದೆ. ನಮ್ಮ ಮಕ್ಕಳಿಗೆ ಅದನ್ನು ಹೇಳುವವರು ಇನ್ನು ಹೆಚ್ಚು ದಿನ ಸಿಗುವುದಿಲ್ಲ.

ಭೀಮಸೇನರು 2011ರ ಜನವರಿ 24ರಂದು ತೀರಿಕೊಂಡರು. ಗಂಗೂಬಾಯಿ 2009ರಲ್ಲಿ, ದಸ್ತೂರ್ 2008ರಲ್ಲಿ ಹೋಗಿಬಿಟ್ಟಿದ್ದರು. ಮೂರೇ ವರ್ಷದೊಳಗೆ ಗುರುವನ್ನು ಕಂಡ ಹಿರಿಯ ಶಿಷ್ಯರ ಸಾಲು ಖಾಲಿಯಾಯಿತು. ಉತ್ಸವದ ಹೆಸರಿಗೆ ಭೀಮಸೇನರ ಹೆಸರು ಸೇರಿತು. ಬಹಳ ವರ್ಷ ಕೊನೆಯ ಸರದಿ ಪ್ರಭಾ ಅತ್ರೆಯವರದಾಗಿತ್ತು. ಅವರು ಕಲಿತದ್ದು ಸುರೇಶಬಾಬು ಮಾನೆ ಮತ್ತು ಹೀರಾಬಾಯಿ ಬಡೋದೇಕರ್ ಅವರಲ್ಲಿ, ಅಂದರೆ ಅಬ್ದುಲ್ ಕರೀಂ ಖಾನರ ಮಕ್ಕಳಲ್ಲಿ. ಅವರೂ 2024ರ ಜನವರಿಯಲ್ಲಿ ಹೋದರು. ಶಿಷ್ಯನ ಕವಲು ಮುಗಿದಲ್ಲಿ ಮಕ್ಕಳ ಕವಲು ಬಂದು ನಿಂತಿತ್ತು, ಅಷ್ಟೆ.

ಇನ್ನು ಮೊದಲಿನ ಪ್ರಶ್ನೆ. ಇದು ನಮ್ಮದೇ? ಪರ ಊರಿನಲ್ಲಿರುವ ಕನ್ನಡಿಗರಿಗೆ ಈ ಮಾತು ಬಾಯಿಗೆ ಬೇಗ ಬರುತ್ತದೆ. ಮರಾಠಿ ಗೆಳೆಯರು ಭೀಮಸೇನರ ಅಭಂಗ ಹಾಕಿದರೆ ನಾವು ಅವರ ಪುರಂದರದಾಸರ ಕೃತಿ ಹಾಕುತ್ತೇವೆ. ಕುಮಾರ ಗಂಧರ್ವರು ಬೆಳಗಾವಿಯ ಸುಳೇಭಾವಿಯವರು, ಮನ್ಸೂರರು ಧಾರವಾಡದವರು ಎಂದು ಪಟ್ಟಿ ಓದುತ್ತೇವೆ. ಪಟ್ಟಿಯಲ್ಲಿ ಸುಳ್ಳಿಲ್ಲ. ಹೇಳದಿದ್ದರೆ ಕುಂದಗೋಳ ಕೊಲ್ಹಾಪುರದ ತಾಲೂಕೇ ಆಗಿ ಉಳಿಯುತ್ತದೆ, ಅದೂ ನಿಜ. ಆದರೆ ಆ ಪಟ್ಟಿಯನ್ನು ಸ್ವಲ್ಪ ಹಿಂದಕ್ಕೆ ಎಳೆದರೆ ಕೈರಾನಾದ ಮುಸ್ಲಿಂ ಉಸ್ತಾದರು ಸಿಗುತ್ತಾರೆ. ಅಡ್ಡಕ್ಕೆ ಎಳೆದರೆ ಮುಂಬಯಿಯ ಪಾರ್ಸಿ ಸಿಗುತ್ತಾನೆ, ಹುಬ್ಬಳ್ಳಿಯ ರೈಲಿನಲ್ಲಿ ಜನರ ನೋಟ ಸಹಿಸಿಕೊಂಡು ಹೋದ ಗಂಗೂಬಾಯಿ ಸಿಗುತ್ತಾರೆ, ಜಲಂಧರಿನಲ್ಲಿ ದಾರಿ ತೋರಿಸಿದ ಮರಾಠಿ ಪಂಡಿತರು ಸಿಗುತ್ತಾರೆ. ಹಾಡಿದ ಸಾಹಿತ್ಯವೆಲ್ಲ ಹೆಚ್ಚಾಗಿ ಬ್ರಜ ಭಾಷೆಯದು, ಅವರಲ್ಲಿ ಯಾರ ಮನೆಮಾತೂ ಅಲ್ಲ. ಹಕ್ಕಿನ ಭಾಷೆಯಲ್ಲಿ ಲೆಕ್ಕ ಹಾಕಲು ಹೋದರೆ ಇದು ಯಾರದೂ ಆಗುವುದಿಲ್ಲ.

ಭೀಮಸೇನರು ಪುಣೆಯಲ್ಲಿ ನೆಲೆಸಿ ಏನು ಮಾಡಿದರು ಎಂದು ನೋಡಿದರೆ ಬೇರೆ ಲೆಕ್ಕ ಕಾಣುತ್ತದೆ. ನನ್ನ ಗುರು ಕನ್ನಡದವರು, ಅವರನ್ನು ನೆನೆಯಿರಿ ಎಂದು ಅವರು ಊರಿಗೆ ಕೇಳಲಿಲ್ಲ. ಗುರುವಿನ ಹೆಸರಿನಲ್ಲಿ ಊರಿಗೆ ಸಂಗೀತ ಬಡಿಸಿದರು. ಅರವತ್ತು ವರ್ಷಕ್ಕೆ ಸಮೀಪದ ಕಾಲ, ವರ್ಷ ತಪ್ಪದೆ ಬಡಿಸಿದರು. ತಿಂದವರು ಅದನ್ನು ತಮ್ಮ ಮನೆಯ ಅಡುಗೆ ಎಂದುಕೊಂಡರು. ಗುರುವಿನ ಬಿರುದು ಊರಿನ ಹಬ್ಬದ ಹೆಸರಾಗಿ, ಹಬ್ಬದ ಹೆಸರು ಮನುಷ್ಯನನ್ನೇ ಮರೆಸುವಷ್ಟು ಬಳಕೆಗೆ ಬಿತ್ತು. ಹೊರಗಿನಿಂದ ಬಂದವನು ಒಂದು ಊರಿಗೆ ಕೊಡಬಹುದಾದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ. ನಮ್ಮ ಸಂಘಗಳ ರಾಜ್ಯೋತ್ಸವ ಬೇಕು, ನಾಟಕ ಬೇಕು, ಮಕ್ಕಳ ಕನ್ನಡ ತರಗತಿ ಬೇಕೇ ಬೇಕು. ಆದರೆ ಅವು ನಾವು ನಮಗೆ ಮಾಡಿಕೊಳ್ಳುವ ಹಬ್ಬಗಳು. ಇರುವ ಊರಿಗೆ ನಾವು ಏನು ಬಡಿಸಿದ್ದೇವೆ ಎಂಬ ಪ್ರಶ್ನೆ ಬಾಕಿ ಇದ್ದೇ ಇದೆ.

ಒಂದು ಶನಿವಾರ ಬೈಠಕ್ಕಿನಲ್ಲಿ ಜಾಗ ಸಿಗದೆ ನಿಂತಿದ್ದೆ. ಹೊಲಿದ ಗುದ್ದಡಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಎಲ್ಲಿಯವರೆಂದು ಕೇಳಿದರು. ಹುಬ್ಬಳ್ಳಿ ಎಂದೆ. "ಗಂಗೂಬಾಯೀಂಚ್ಯಾ ಗಾವಚೇ!" ಎಂದು ಪಕ್ಕದವರಿಗೆ ಹೇಳಿ, ಗುದ್ದಡಿಯ ಅರ್ಧ ನನಗೆ ಬಿಟ್ಟುಕೊಟ್ಟರು. ನಾನು ಗಂಗೂಬಾಯಿಯವರನ್ನು ವೇದಿಕೆಯಲ್ಲಿ ಒಮ್ಮೆಯೂ ಕೇಳಿದವನಲ್ಲ. ಆ ಅಜ್ಜಿ ಇಪ್ಪತ್ತು ಸಲವಾದರೂ ಕೇಳಿದವರು. ನಮ್ಮಿಬ್ಬರಲ್ಲಿ ಗಂಗೂಬಾಯಿ ಯಾರಿಗೆ ಹೆಚ್ಚು ಸೇರಿದವರು? ಆ ಅರ್ಧ ಗುದ್ದಡಿ ಮಾತ್ರ ಗಂಗೂಬಾಯಿ ಹಾಡಿ ಗಳಿಸಿ ನನಗೆ ಬಿಟ್ಟುಹೋದದ್ದು ಎಂಬುದರಲ್ಲಿ ಸಂಶಯವಿಲ್ಲ.

ರಜೆ ಇದ್ದವರು ಒಂದು ದಿನವಾದರೂ ಹೋಗಿ. ಐದೂ ದಿನದ ಪಾಸು ಬೇಕೆಂದಿಲ್ಲ, ರಾಗದ ಹೆಸರು ಗೊತ್ತಿರಬೇಕೆಂದಿಲ್ಲ. ನೆಲದ ಮೇಲೆ ಕೂರುವ ಭಾರತೀಯ ಬೈಠಕ್ಕಿನ ಟಿಕೆಟು ತೆಗೆದುಕೊಳ್ಳಿ, ಸ್ವಲ್ಪ ಬೇಗ ಹೋಗಿ ಜಾಗ ಹಿಡಿಯಿರಿ. ಊರಿಗೆ ಹೋದಾಗ ಕುಂದಗೋಳದಲ್ಲೂ ಇಳಿಯಿರಿ. ಅಲ್ಲಿ ನಾಡಿಗೇರ ವಾಡೆಯಲ್ಲಿ ಅದೇ ಗುರುವಿನ ನೆನಪಿನ ಸಂಗೀತೋತ್ಸವ ಈಗಲೂ ನಡೆಯುತ್ತದೆ, ಇಲ್ಲಿಯ ಜನಸಂದಣಿ ಇಲ್ಲದೆ.

ಪುಣೆಯಲ್ಲಿ ಕೊನೆಯ ದಿನ ಹೋದರೆ ಒಂದು ಕೆಲಸ ಮಾಡಿ: ಕೊನೆಯ ಕಛೇರಿ ಮುಗಿದ ಕೂಡಲೇ ಪಾರ್ಕಿಂಗಿಗೆ ಓಡಬೇಡಿ. ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ಭೈರವಿಯ ಧ್ವನಿಮುದ್ರಿಕೆ ಹಾಕುತ್ತಾರೆ. ಗ್ರಾಮಾಫೋನ್ ತಟ್ಟೆಯ ಕಾಲದ್ದು, ಕೆಲವೇ ನಿಮಿಷದ್ದು, ಸೂಜಿಯ ಕರಕರ ಸದ್ದಿನ ಹಿಂದಿನಿಂದ ಬರುವ ದನಿ. ಚೀಲ, ಚಾದರ ಕೈಯಲ್ಲಿ ಹಿಡಿದ ಸಾವಿರಾರು ಜನ ನಿಂತಲ್ಲೇ ನಿಂತು ಕೇಳುತ್ತಾರೆ. ಒಂದು ಕಾಲದಲ್ಲಿ ಇಂಥದೇ ಒಂದು ತಟ್ಟೆ, ಈ ಗಾಯಕರ ಗುರುವಿನದು, ಗದಗದ ಒಬ್ಬ ಹುಡುಗನನ್ನು ಮನೆ ಬಿಟ್ಟು ಓಡುವಂತೆ ಮಾಡಿತ್ತು. ಈ ತಟ್ಟೆ ನಮ್ಮನ್ನು ಮನೆಗೆ ಕಳಿಸುತ್ತದೆ.